ನಿಂತು ತಿದ್ದಿದ ಕರಡು

೯ನೇ ತಾರೀಕು, ಸೋಮವಾರ ಮಧ್ಯಾಹ್ನ

ಗುಬ್ಬೀ, ನನ್ನ ಮಗಳೇ,

ಇವತ್ತು ಬೆಳಗ್ಗೆ ನಾನು ಮೆತ್ತೆಯಿಲ್ಲದ ಮರದ ಕುರ್ಚಿಯ ಮೇಲೆ ನಲವತ್ತು ನಿಮಿಷ ಕೂತಿದ್ದೆ. ಇದು ನನ್ನ ಅಂದಾಜಲ್ಲ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನನಗೆ ವ್ಯಾಯಾಮ ಕಲಿಸುವ ಫಿಸಿಯೊ ಹುಡುಗಿ ಗೋಡೆ ಗಡಿಯಾರ ನೋಡಿ, ತನ್ನ ಹಾಳೆಯಲ್ಲಿ ಬರೆದು, ಆಮೇಲೆ ಓದಿ ಹೇಳಿದ್ದು. ಅದೇ ಹಾಳೆಯ ಮೊದಲ ಸಾಲಿನಲ್ಲಿ, ನಾಲ್ಕು ತಿಂಗಳ ಹಿಂದೆ, ಅವಳು ಬರೆದದ್ದು ಮೂರು ನಿಮಿಷ.

ಅಮ್ಮನ ಸೊಂಟ ನೋವು ಕಡಿಮೆಯಾಯಿತು ಅಂದುಕೊಳ್ಳುತ್ತೀಯ. ಸೊಂಟ ನೋವು ನನಗೆ ಎಂದೂ ಇರಲಿಲ್ಲ. ಅದು ನಾನು ಹೇಳಿಕೊಂಡು ಬಂದ ಸುಳ್ಳು. ಆಫೀಸಿನಲ್ಲಿ ಎತ್ತರದ ಮೇಜು ಬೇಕು ಎಂದು ಅರ್ಜಿ ಕೊಟ್ಟಾಗ ಹಾಗೆ ಬರೆದೆ, ನಿನಗೂ ಹಾಗೇ ಹೇಳಿದೆ. ಇಪ್ಪತ್ತಾರು ವರ್ಷ ನಿಂತೇ ಕರಡು ತಿದ್ದಿದ್ದೇನೆ. ಅದಕ್ಕೇ ಆಫೀಸಿನವರು ನನಗೆ ‘ಕಂಬ’ ಎಂದು ಹೆಸರಿಟ್ಟದ್ದು, ನಿನಗೆ ಗೊತ್ತು. ಹೊಸದಾಗಿ ಬಂದವರು ನನ್ನ ನಿಜವಾದ ಹೆಸರು ಕೇಳಿದರೆ, ಹಳಬರು ಒಂದು ಕ್ಷಣ ಯೋಚಿಸಬೇಕು.

ನೋವು ಇದ್ದದ್ದು ಬೇರೆ ಕಡೆ. ನೇರವಾಗಿ ಬರೆಯುತ್ತೇನೆ. ಯೋನಿಯ ಬಾಗಿಲಲ್ಲಿ, ಅದರ ಸುತ್ತಲಿನ ಚರ್ಮದಲ್ಲಿ. ಕೂತರೆ ಉರಿ, ಬಿಗಿ ಬಟ್ಟೆ ತಾಗಿದರೆ ಉರಿ, ಕೆಲವು ದಿನ ಸುಮ್ಮನೆ ನಿಂತರೂ ಖಾರ ಎರಚಿದ ಹಾಗೆ. ಹೆಂಡತಿಯಾಗಿ ನಿನ್ನಪ್ಪನ ಹತ್ತಿರ ಹೋಗಬೇಕಾದರೆ ಗಾಜು ತುಳಿದ ಹಾಗೆ. ಇದು ಶುರುವಾದದ್ದು ನೀನು ಹುಟ್ಟಿ ಎರಡು ವರ್ಷವಾದ ಮೇಲೆ. ನಿನ್ನಿಂದ ಆದದ್ದಲ್ಲ, ಡಾಕ್ಟರನ್ನು ಮೊದಲು ಅದನ್ನೇ ಕೇಳಿ ಖಾತ್ರಿ ಮಾಡಿಕೊಂಡೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವುದರೊಳಗೆ ನೀನು ‘ಸರಿ ಅಮ್ಮ, ಇಡ್ತೀನಿ’ ಅನ್ನುತ್ತೀಯ, ನಾನೂ ಬಚಾವಾದೆ ಎಂದು ‘ಊಟ ಆಯ್ತಾ’ ಕೇಳಿ ಇಟ್ಟುಬಿಡುತ್ತೇನೆ. ನಾವಿಬ್ಬರೂ ಇದರಲ್ಲಿ ಪಳಗಿದವರು. ಕಾಗದವನ್ನಾದರೆ ನೀನು ಅರ್ಧಕ್ಕೆ ಇಡುವ ಹಾಗಿಲ್ಲ.

ನನಗೆ ಈ ಡಾಕ್ಟರ್ ಸಿಕ್ಕಿದ್ದು ಹೇಗೆ ಅನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಭಾನುವಾರದ ಪುರವಣಿಯಲ್ಲಿ ಓದುಗರ ಆರೋಗ್ಯದ ಪ್ರಶ್ನೆಗಳಿಗೆ ಒಬ್ಬ ಲೇಡಿ ಡಾಕ್ಟರ್ ಉತ್ತರ ಬರೆಯುತ್ತಾರಲ್ಲ, ಆ ಪುಟದ ಕರಡು ನನ್ನ ಮೇಜಿಗೆ ಬಂತು. ಕರಡು ತಿದ್ದುವವರು ಮೊದಲ ಸಲ ಅರ್ಥ ಓದುವುದಿಲ್ಲ, ಅಕ್ಷರ ಓದುತ್ತೇವೆ. ಒಂದು ಪ್ರಶ್ನೆಯಲ್ಲಿ ಎರಡು ತಪ್ಪಿದ್ದವು, ತಿದ್ದಿದೆ. ಎರಡನೇ ಓದಿನಲ್ಲಿ ಅರ್ಥ ಒಳಗಿಳಿಯಿತು. ‘ಕೂರಲು ಆಗುವುದಿಲ್ಲ. ಎಲ್ಲ ಪರೀಕ್ಷೆಯೂ ಸರಿಯಾಗಿದೆ ಅನ್ನುತ್ತಾರೆ. ಯಾರಿಗೂ ಹೇಳಲಾರೆ.’ ಕೆಳಗೆ ‘ಓದುಗಿ, ೩೪, ಊರು ಬೇಡ’ ಎಂದಿತ್ತು. ನನ್ನ ಮಾತನ್ನು ಯಾರೋ ನನಗಿಂತ ಮೊದಲು ಬರೆದಿದ್ದರು. ಅದರ ಕೆಳಗೆ ಡಾಕ್ಟರ ಉತ್ತರ, ಹನ್ನೊಂದು ಸಾಲು. ಇದು ನಿಜವಾದ ಕಾಯಿಲೆ, ಇದಕ್ಕೆ ಹೆಸರಿದೆ, ಚಿಕಿತ್ಸೆ ಇದೆ, ಬನ್ನಿ.

ನಾನು ಪುಟವನ್ನು ಪಾಸು ಮಾಡಿ ಕಳಿಸಿದೆ. ಸಂಜೆ ಕೊನೆಯ ಪ್ರತಿ ಬಂದಾಗ ಆ ಪ್ರಶ್ನೆಯೇ ಇಲ್ಲ! ಆ ಜಾಗದಲ್ಲಿ ಸೊಂಟ ನೋವಿನ ಎಣ್ಣೆಯ ಜಾಹೀರಾತು. ಪುಟ ಕಟ್ಟುವವನನ್ನು ಕೇಳಿದೆ. ‘ಕಂಬಕ್ಕಾ, ಇದು ಜನ ಟೀ ಕುಡೀತಾ ಓದೋ ಪುಟ. ಇಂಥದ್ದು ಹಾಕಿದ್ರೆ ಕಪ್ಪು ಕೈ ಜಾರುತ್ತೆ’ ಎಂದು ನಕ್ಕ. ಕೆಟ್ಟವನಲ್ಲ, ನನ್ನ ಸೊಂಟಕ್ಕೆಂದು ಆ ಎಣ್ಣೆಯ ಬಾಟಲಿಯನ್ನೇ ಒಂದು ತಂದುಕೊಟ್ಟ. ಹಾಗಾಗಿ, ಗುಬ್ಬೀ, ಲಕ್ಷ ಪ್ರತಿ ಅಚ್ಚಾಗುವ ಪತ್ರಿಕೆಯಲ್ಲಿ ಆ ಹನ್ನೊಂದು ಸಾಲನ್ನು ತನಗಾಗಿ ಓದಿಕೊಂಡ ಓದುಗಿ ಒಬ್ಬಳೇ, ಅದೂ ನಾನು. ತಿದ್ದಿದ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಮೂವತ್ತು ವರ್ಷದ ನೌಕರಿಯಲ್ಲಿ ಆಫೀಸಿನಿಂದ ಕದ್ದು ತಂದದ್ದು ಅದೊಂದೇ.

ಡಾಕ್ಟರ ಕೋಣೆಯಲ್ಲಿ ಒಂದು ಮಂಚ, ಹಸಿರು ಪರದೆ, ಕಿಟಕಿಯ ಆಚೆ ಸೈಕಲ್ ಸ್ಟ್ಯಾಂಡು. ನಾನು ಸೊಂಟ ನೋವು ಅಂತಲೇ ಶುರು ಮಾಡಿದೆ. ಅವರು ತಲೆಯೆತ್ತದೆ, ‘ಸೊಂಟ ನೋವಿನವರು ಒರಗ್ತಾರೆ ಅಮ್ಮಾ. ನೀವು ಕುರ್ಚಿ ಹತ್ರಾನೂ ಹೋಗ್ತಿಲ್ಲ’ ಅಂದರು. ನಾನು ಪರ್ಸಿನಿಂದ ಹಾಳೆ ತೆಗೆದು ಅವರ ಮುಂದಿಟ್ಟೆ. ತಮ್ಮದೇ ಉತ್ತರವನ್ನು ಓದಿಕೊಂಡು, ‘ಓ, ಇದು ಬರಲೇ ಇಲ್ಲ ಅಲ್ವಾ’ ಎಂದು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

ಪರೀಕ್ಷೆಗೆ ದೊಡ್ಡ ಯಂತ್ರ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಕಡ್ಡಿಯ ತುದಿಗೆ ಸುತ್ತಿದ ಹತ್ತಿ. ಮಗುವಿನ ಕಿವಿ ಒರೆಸುವಂಥದ್ದು. ಗಡಿಯಾರದ ಮುಖ ಅಂತ ಇಟ್ಟುಕೊಳ್ಳಿ ಅಂದರು, ಮೇಲೆ ಹನ್ನೆರಡು, ಕೆಳಗೆ ಆರು. ಒಂದೊಂದು ಗಂಟೆಯ ಜಾಗಕ್ಕೂ ಆ ಹತ್ತಿಯನ್ನು ತಾಗಿಸುತ್ತ, ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು ಎಂದು ಕೇಳುತ್ತ ಹೋದರು. ಹನ್ನೆರಡು, ಏನಿಲ್ಲ. ಮೂರರ ಜಾಗದಲ್ಲಿ ಎರಡು ಅಂಕ. ಐದಕ್ಕೆ ನಾನು ಮಂಚದ ಅಂಚು ಹಿಡಿದೆ. ಆರಕ್ಕೆ ಕಿರುಚಿಬಿಟ್ಟೆ. ಹತ್ತಿಗೆ, ಗುಬ್ಬೀ! ಅವರು ತಕ್ಷಣ ಕೈ ತೆಗೆದರು. ಫೈಲಿನಲ್ಲಿದ್ದ ಗಡಿಯಾರದ ಚಿತ್ರದ ಮೇಲೆ ಐದು, ಆರು, ಏಳರ ಹತ್ತಿರ ಚುಕ್ಕಿ ಇಟ್ಟು, ‘ನೋವು ಇಲ್ಲಿದೆ. ನಿಮ್ಮ ತಲೇಲಿಲ್ಲ’ ಅಂದರು.

ನಾನು ಅತ್ತೆ. ನೋವಿಗಲ್ಲ. ಇಪ್ಪತ್ತಾರು ವರ್ಷದಲ್ಲಿ ಮೂವರು ಡಾಕ್ಟರು ನೋಡಿದ್ದರು. ಒಬ್ಬರು ಸೋಂಕು ಅಂದರು, ಒಬ್ಬರು ವಯಸ್ಸು ಅಂದರು, ಒಬ್ಬರು ಗಂಡನ ಜೊತೆ ಚೆನ್ನಾಗಿದ್ದೀರಾ ಎಂದು ಕೇಳಿದರು. ಆ ನೋವಿಗೆ ವಿಳಾಸ ಬರೆದುಕೊಟ್ಟವರು ಇವರೇ ಮೊದಲು.

ಆಮೇಲೆ ಕೈಗನ್ನಡಿ ಕೊಟ್ಟು, ನೋಡಿಕೊಳ್ಳಿ ಅಂದರು. ಐವತ್ತೆರಡು ವರ್ಷಕ್ಕೆ ನಾನು ನನ್ನನ್ನು ಮೊದಲ ಸಲ ನೋಡಿದೆ. ಭೂತಗನ್ನಡಿ ಹಿಡಿದು ಕೋಟಿ ಅಕ್ಷರ ನೋಡಿದವಳು, ಅಂಗೈಯಷ್ಟಗಲದ ಈ ಜಾಗವನ್ನು ನೋಡಿರಲಿಲ್ಲ. ಗಾಯ ಇರುತ್ತದೆ, ಹುಣ್ಣು ಇರುತ್ತದೆ ಅಂದುಕೊಂಡಿದ್ದೆ. ಏನೂ ಇಲ್ಲ. ಸ್ವಲ್ಪ ಕೆಂಪು, ಅಷ್ಟೆ. ಅಷ್ಟು ದೊಡ್ಡ ಬೆಂಕಿ, ಒಂದು ಗುರುತೂ ಇಲ್ಲದೆ ಹೇಗೆ ಉರಿಯಿತು? ಅದನ್ನೇ ಕೇಳಿದೆ. ಅಲ್ಲಿನ ನರಗಳು ಒಂದು ಕಾಲಕ್ಕೆ ಯಾವುದೋ ಕಾರಣಕ್ಕೆ ಕೂಗಿಕೊಂಡವು, ಕಾರಣ ಹೋದ ಮೇಲೂ ಕೂಗುವುದನ್ನು ಬಿಡಲಿಲ್ಲ ಅಂದರು. ‘ಕೂಗೋದನ್ನ ಕಲಿತಿವೆ. ಕಲಿತದ್ದನ್ನ ಮರೆಸಬಹುದು. ನಿಧಾನ ಆಗುತ್ತೆ’ ಅಂದರು. ವಲ್ವೊಡೀನಿಯ ಅಂತ ಅದರ ಹೆಸರು. ಮಾರನೇ ದಿನ ಆಫೀಸಿನ ನಿಘಂಟು ನೋಡಿದೆ, ಇಲ್ಲ. ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳಲ್ಲಿ ಹುಡುಕಿಸಿದೆ, ಮೂವತ್ತು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ. ಮೊಣಕಾಲು ನೋವು ಮಾತ್ರ ವಾರಕ್ಕೆ ಎರಡು ಸಲ ಬಂದಿದೆ.

ಮೇಲಿನ ಸಾಲು ಬರೆದು ಎದ್ದೆ. ಇಲ್ಲಿಂದ ನಿಂತು ಬರೆಯುತ್ತಿದ್ದೇನೆ, ಅಕ್ಷರ ದಪ್ಪಗಾದರೆ ಅದೇ ಕಾರಣ. ಒಂದೇ ದಿನದಲ್ಲಿ ಎರಡು ಸಲ ನಲವತ್ತು ನಿಮಿಷ ಇನ್ನೂ ಆಗುವುದಿಲ್ಲ. ಪೂರ್ತಿ ಗುಣವಾಯಿತು ಎಂದು ನಿನಗೆ ಬರೆದರೆ ಅದೂ ಸುಳ್ಳಾಗುತ್ತದೆ. ಎಂಟು ಇದ್ದ ನೋವು ಹೆಚ್ಚಿನ ದಿನ ಮೂರಕ್ಕೆ ಇಳಿದಿದೆ. ಹೋದ ವಾರ ಒಂದು ದಿನ ಮತ್ತೆ ಆರಕ್ಕೆ ಏರಿ, ಎರಡು ದಿನ ಕಾಡಿ, ಇಳಿಯಿತು.

ಚಿಕಿತ್ಸೆ ಶುರುವಾದದ್ದು ಕೊಡುವುದರಿಂದಲ್ಲ, ಬಿಡಿಸುವುದರಿಂದ. ದಿನಾ ಏನು ಹಚ್ಚುತ್ತೀರಿ, ಯಾವುದರಲ್ಲಿ ತೊಳೆಯುತ್ತೀರಿ ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ, ದಿನಕ್ಕೆ ನಾಲ್ಕು ಸಲ, ಬಿಸಿನೀರಿಗೆ ಕ್ರಿಮಿನಾಶಕದ ದ್ರಾವಣ ಹಾಕಿ, ಸೋಪು ಹಚ್ಚಿ. ಉರಿ ಹೆಚ್ಚಾದರೆ ಐದನೇ ಸಲ. ಜೊತೆಗೆ ಅಂಗಡಿಯಿಂದ ತಂದ ಸೋಂಕಿನ ಮುಲಾಮು. ಡಾಕ್ಟರ್ ಪೆನ್ನು ಕೆಳಗಿಟ್ಟರು. ‘ಕಣ್ಣಿಗೆ ದಿನಾ ನಾಲ್ಕು ಸಲ ಸೋಪು ಹಾಕಿ ಉಜ್ಜಿದ್ರೆ ಏನಾಗುತ್ತೆ?’  ಮನೆಗೆ ಬಂದು ನಮ್ಮ ಬಚ್ಚಲಿನಲ್ಲಿದ್ದ ಆ ದ್ರಾವಣದ ಹಳದಿ ಬಾಟಲಿಯನ್ನು ನೆಲ ಒರೆಸುವ ಬಕೆಟಿನ ಪಕ್ಕಕ್ಕೆ ಇಟ್ಟೆ. ಈಗ ಬರೀ ನೀರು. ಹತ್ತಿ ಬಟ್ಟೆ. ಜಾಗವನ್ನು ಜೋಮು ಹಿಡಿಸುವ ಒಂದು ಮುಲಾಮು. ರಾತ್ರಿ ಒಂದು ಸಣ್ಣ ಮಾತ್ರೆ. ಅದರ ಚೀಟಿಯಲ್ಲಿ ‘ಖಿನ್ನತೆಗೆ’ ಎಂದು ಓದಿ ಸಿಟ್ಟು ಬಂದು ವಾಪಸು ಹೋಗಿದ್ದೆ. ದೊಡ್ಡ ಪ್ರಮಾಣದಲ್ಲಿ ಅದಕ್ಕೆ, ಇಷ್ಟು ಚೂರು ಕೊಟ್ಟರೆ ನರಗಳ ಕೂಗು ಇಳಿಸುವುದಕ್ಕೆ ಎಂದು ಮತ್ತೆ ಬಿಡಿಸಿ ಹೇಳಿ ಕಳಿಸಿದರು.

ಆಮೇಲೆ ಫಿಸಿಯೊ. ನಿನಗಿಂತ ಚಿಕ್ಕವಳು, ಬಾಯಿ ಜೋರು. ಹೊಟ್ಟೆಯ ತಳದಲ್ಲಿ, ತೊಟ್ಟಿಲಿನ ಹಾಗೆ ಎಲ್ಲವನ್ನೂ ಹೊತ್ತಿರುವ ಸ್ನಾಯುಗಳಿವೆಯಂತೆ. ನೋವಿಗೆ ಹೆದರಿ ನಾನು ಅವನ್ನು ಬಿಗಿ ಹಿಡಿದದ್ದು, ಹಿಡಿದೇ ಇದ್ದೇನೆ. ಬಿಡಿ ಅಂದಳು. ಬಿಟ್ಟೇ ಇದ್ದೀನಲ್ಲ ಅಂದೆ. ಕೈಗವಸು ಹಾಕಿದ ಒಂದೇ ಬೆರಳಿನಿಂದ, ನನ್ನ ಒಪ್ಪಿಗೆ ಕೇಳಿ, ಆ ಸ್ನಾಯುವನ್ನು ಮುಟ್ಟಿ ತೋರಿಸಿದಳು. ಮುಷ್ಟಿಯ ಹಾಗೆ ಇತ್ತು. ‘ಅಮ್ಮಾ, ಸಿಟಿ ಬಸ್ಸಲ್ಲಿ ಕಂಬಿ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀರ. ಬಸ್ಸು ನಿಂತು ಎಷ್ಟೋ ವರ್ಷ ಆಯ್ತು. ಇಳೀರಿ’ ಅಂದಳು. ನಗು ಬಂತು. ನಕ್ಕ ಆ ಗಳಿಗೆಯಲ್ಲಿ ಒಳಗೆ ಏನೋ ಒಂದು ಕೂದಲೆಳೆಯಷ್ಟು ಸಡಿಲವಾಯಿತು. ‘ಹಾಂ, ಇದೇ! ಇದನ್ನೇ ಮತ್ತೆ ಮಾಡಿ’ ಎಂದು ಕೂಗಿದಳು.  ನನ್ನ ಮೈಯೊಳಗೆ ಒಂದು ಕೈ ಇಪ್ಪತ್ತಾರು ವರ್ಷದಿಂದ ಮುಚ್ಚಿಕೊಂಡಿತ್ತು, ಅದು ಕೈ ಎಂದೂ ನನಗೆ ಗೊತ್ತಿರಲಿಲ್ಲ. ಈಗ ದಿನಾ ಬೆಳಗ್ಗೆ ನೆಲದ ಮೇಲೆ ಮಲಗಿ, ದವಡೆ ಸಡಿಲ ಬಿಟ್ಟು, ಉಸಿರನ್ನು ಕೆಳಗೆ ಕಳಿಸಿ, ಅದನ್ನು ಒಂದೊಂದೇ ಬೆರಳು ಬಿಚ್ಚುತ್ತೇನೆ.

ನಿನ್ನಪ್ಪ ಪ್ರತಿ ಸಲವೂ ಜೊತೆಗೆ ಬರುತ್ತಾರೆ, ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ನಾನು ನಿಂತು ಉಣ್ಣಲಿ ಎಂದು ಊಟದ ಮೇಜಿನ ಕಾಲುಗಳಿಗೆ ತಮ್ಮ ಬಸ್ ಡಿಪೋದಿಂದ ತಂದ ಪೈಪು ಬೆಸುಗೆ ಹಾಕಿ ಎತ್ತರ ಮಾಡಿದ್ದರಲ್ಲ, ಈಗ ಅದನ್ನು ಕತ್ತರಿಸುತ್ತಿದ್ದಾರೆ. ಒಂದೇ ಸಲಕ್ಕಲ್ಲ. ಫಿಸಿಯೊ ಹಾಳೆಯಲ್ಲಿ ಹತ್ತು ನಿಮಿಷ ಏರಿದರೆ, ಮೇಜು ಎರಡು ಇಂಚು ಇಳಿಯುತ್ತದೆ. ಅದಕ್ಕೆ ತಕ್ಕ ಎತ್ತರದ ಸ್ಟೂಲನ್ನೂ ಅವರೇ ಮಾಡಿದ್ದಾರೆ. ಮೆಕ್ಯಾನಿಕ್ಕನ ಮನೆಯಲ್ಲಿ ಹಾಲ್‌ನ ಟೇಬಲ್ ಫ್ಯಾನು ಮಾತ್ರ ಗರಗರ ಅನ್ನುತ್ತಲೇ ಇರುತ್ತದೆ ಎಂದು ನೀನು ಚಿಕ್ಕವಳಿದ್ದಾಗಿನಿಂದ ಹಾಸ್ಯ ಮಾಡುತ್ತಿದ್ದೆಯಲ್ಲ, ಮೇಜಿನ ವಿಷಯದಲ್ಲಿ ಅವರನ್ನು ಹಾಗೆ ಅನ್ನುವ ಹಾಗಿಲ್ಲ.

ಇನ್ನು ನಿನ್ನ ವಿಷಯ. ನಮ್ಮ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಎರಡನೇ ಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಎಂದು ಚೌಕ ಹಾಕುತ್ತೇವೆ. ಇದನ್ನು ಹಾಗೇ ಓದಿಕೋ.

ನಿನಗೆ ಹದಿನೇಳು ವರ್ಷವಿದ್ದಾಗ ಕಾಲೇಜಿಗೆ ಸೈಕಲ್ ತುಳಿಯುವುದನ್ನು ಬಿಟ್ಟೆ. ‘ಸೀಟು ಉರಿಯುತ್ತೆ ಅಮ್ಮ, ಕೂರಕ್ಕೇ ಆಗಲ್ಲ’ ಅಂದೆ. ನಾನು ಪೇಪರಿನಿಂದ ಕಣ್ಣೆತ್ತದೆ, ‘ಎಲ್ಲರಿಗೂ ಆಗುತ್ತೆ, ಹೆಣ್ಣುಮಕ್ಕಳು ಇದನ್ನೆಲ್ಲ ದೊಡ್ಡದು ಮಾಡಬಾರದು’ ಅಂದೆ. ಎದ್ದು ಹೋಗಿ ಆ ಹಳದಿ ಬಾಟಲಿ ತಂದು ನಿನ್ನ ಕೈಗೆ ಕೊಟ್ಟೆ. ಎಷ್ಟು ಮುಚ್ಚಳ ಹಾಕಬೇಕು ಎಂದೂ ತೋರಿಸಿದೆ. ನೀನು ಹೇಳಿದ್ದು ಏನೆಂದು ನನಗೆ ಅರ್ಥವಾಗಲಿಲ್ಲ ಎಂದು ನೀನು ಅಂದುಕೊಂಡಿರಬಹುದು. ಅರ್ಥವಾಗಿತ್ತು. ಒಂದು ಅಕ್ಷರವೂ ತಪ್ಪದೆ ಅರ್ಥವಾಗಿತ್ತು. ನನ್ನದೇ ನೋವು ನಿನ್ನ ಬಾಯಲ್ಲಿ ಕೇಳಿದ್ದಕ್ಕೆ ಹೆದರಿದೆ. ಎಲ್ಲರಿಗೂ ಆಗುತ್ತದೆ ಎಂದು ಹೇಳಿದ್ದು ತಪ್ಪು. ಎಲ್ಲರಿಗೂ ಆಗುವುದಿಲ್ಲ. ಆದವರು ಸಹಿಸಿಕೊಳ್ಳಬೇಕಾಗಿಲ್ಲ.

ಹೋದ ತಿಂಗಳು ನೀನು ಎರಡು ದಿನಕ್ಕೆಂದು ಬಂದಾಗ ಅಡುಗೆಮನೆಯ ಕಟ್ಟೆಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು, ನಿಂತೇ ಉಂಡೆ. ಕೂತ್ಕೋ ಅಂದರೆ, ‘ಅಂಗಡೀಲಿ ಬೆಳಗ್ಗಿಂದ ಕೂತೂ ಕೂತೂ ಸಾಕಾಗಿದೆ ಅಮ್ಮ’ ಅಂದೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ನೀನು. ನಾನು ನೋಡಿದ್ದೇನೆ, ಅಲ್ಲಿ ಕೂರುವವರು ಗಿರಾಕಿಗಳು. ನಿನ್ನ ಚೀಲವನ್ನು ಒಳಗಿಡುವಾಗ ಅಡ್ಡ ಬಿತ್ತು, ಹಳದಿ ಬಾಟಲಿ ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿತು. ಎತ್ತಿ ಒಳಗಿಟ್ಟೆ. ಆಗಲೂ ಏನೂ ಹೇಳಲಿಲ್ಲ.

ಹೋದ ವಾರ ನೀನು ಫೋನಿನಲ್ಲಿ, ನೀವು ಗಂಡ ಹೆಂಡತಿ ಬೇರೆ ಬೇರೆ ಇರುವುದೇ ವಾಸಿ ಎಂದು ತೀರ್ಮಾನಿಸಿದ್ದೀರಿ, ಮುಂದಿನ ತಿಂಗಳು ನೀನು ಸಣ್ಣ ಮನೆ ನೋಡಿಕೊಳ್ಳುತ್ತೀ ಎಂದೆ. ‘ಅವನದೇನೂ ತಪ್ಪಿಲ್ಲ ಅಮ್ಮ, ನನ್ನದೇ’ ಅಂದೆ. ಏನು ತಪ್ಪು ಎಂದರೆ ಹೇಳಲಿಲ್ಲ. ಒಂದು ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತೀಯಂತೆ, ಅವನು ಗೊರಕೆ ಹೊಡೆಯುತ್ತಾನಂತೆ. ‘ಅಪ್ಪನ ಥರಾನೇ ಅಮ್ಮ, ಲಾರಿ ಬಂದ ಹಾಗೆ’ ಎಂದು ನಕ್ಕೆ. ನಿನ್ನ ಚಿಕ್ಕಪ್ಪ ಮಾಡುತ್ತಿದ್ದ ಹಾಸ್ಯ ಅದು. ನೆಂಟರು ಸೇರಿದಾಗಲೆಲ್ಲ ಅವನು ‘ಅಣ್ಣನ್ನ ಹೊರಗಡೆ ಮಲಗಿಸಿ, ಲಾರಿ ಬಂತು ಅಂತ ಮಕ್ಕಳು ಹೆದರ್ತಾವೆ’ ಅನ್ನುತ್ತಿದ್ದ. ನಾನೂ ನಕ್ಕೆ, ಫೋನು ಇಟ್ಟೆ. ಇಟ್ಟ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಸುರಿದರೂ ಎದುರಿಗೇ ನಿಂತು ನೋಡುತ್ತಿದ್ದೆ.

ಸಂಸಾರ ಉಳಿಸಿಕೋ ಎಂದು ಬರೆಯುತ್ತಿಲ್ಲ. ಅವನ ಜೊತೆ ಇರುವುದು, ಬಿಡುವುದು ನಿನ್ನ ತೀರ್ಮಾನ. ಯಾವುದನ್ನು ಮಾಡಿದರೂ ನೋವಿನ ತೀರ್ಮಾನ ಆಗದಿರಲಿ, ನಿನ್ನದಾಗಲಿ ಅಂತ ಅಷ್ಟೆ.

ನಾಲ್ಕು ತಿಂಗಳ ಹಿಂದೆ ತುಂಬಿದ ಫಾರಂನಲ್ಲಿ ‘ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ’ ಎಂಬ ಪ್ರಶ್ನೆಗೆ ನಾನು ‘ಇಲ್ಲ’ ಎಂದು ಬರೆದಿದ್ದೆ. ಇವತ್ತು ಫೈಲು ಕೇಳಿ ಪಡೆದೆ. ಹೊಡೆದುಹಾಕಿ ‘ಇದೆ’ ಎಂದು ಬರೆಯಲು ಪೆನ್ನು ತೆಗೆದವಳು ನಿಲ್ಲಿಸಿದೆ. ಅದು ನಾನು ತಿದ್ದುವ ಸಾಲಲ್ಲ. ಬರೆದವರನ್ನೇ ಕೇಳಬೇಕಾದ ಕಡೆ ಕರಡು ತಿದ್ದುವವರು ಒಂದು ಕೆಲಸ ಮಾಡುತ್ತೇವೆ. ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒಂದು ಪ್ರಶ್ನಾರ್ಥಕ ಚಿಹ್ನೆ. ಉತ್ತರ ಬರುವವರೆಗೆ ಪುಟವನ್ನು ಪಾಸು ಮಾಡುವುದಿಲ್ಲ. ಅದನ್ನೇ ಹಾಕಿ ಬಂದೆ, ನಿನ್ನ ಹೆಸರು ಬರೆದಿಲ್ಲ. ಯಾರಿಗೂ ಹೇಳಿಲ್ಲ. ನಾನು ತಪ್ಪು ತಿಳಿದಿದ್ದರೆ ಒಂದು ರಬ್ಬರಿನ ಕೆಲಸ. ಸರಿ ತಿಳಿದಿದ್ದರೆ ನೀನು ವಿವರಿಸಬೇಕಾಗಿಲ್ಲ. ಬಾ, ಅಷ್ಟು ಸಾಕು. ನಾನು ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಕೂರುತ್ತೇನೆ ಎಂದು ಬರೆಯುವುದಕ್ಕೇ ನನಗೆ ಇನ್ನೂ ಬೆರಗು.

ಕೊನೆಯ ಈ ನಾಲ್ಕು ಸಾಲನ್ನು ಮತ್ತೆ ಕೂತು ಬರೆದಿದ್ದೇನೆ.

ಇಂತು ನಿನ್ನ ಅಮ್ಮ,
ಉರುಫ್ ಕಂಬ

ಮರೆತಿದ್ದು: ನಿನ್ನಪ್ಪನಿಗೆ ಈ ಕಾಗದ ಓದಲು ಕೊಟ್ಟೆ. ಓದಿ, ಒಂದು ವಿಷಯ ಬಿಟ್ಟಿದ್ದೀಯ, ಅದನ್ನೂ ಬರೆದುಬಿಡು ಅಂದರು. ಅವರು ಗೊರಕೆ ಹೊಡೆಯುವುದಿಲ್ಲ. ಎಂದೂ ಹೊಡೆದವರಲ್ಲ. ನಾನು ಯಾಕೆ ಬೇರೆ ಕೋಣೆಯಲ್ಲಿ ಮಲಗುತ್ತೇನೆ ಎಂದು ಯಾರೂ ನನ್ನನ್ನು ಕೇಳದಿರಲಿ ಎಂದು ಅವರೇ ಹುಟ್ಟಿಸಿದ ಸುದ್ದಿ ಅದು. ಇಪ್ಪತ್ತಾರು ವರ್ಷ ಎಲ್ಲರ ಜೊತೆ ತಾವೂ ನಕ್ಕರು. ರಾತ್ರಿ ಗೋಡೆಯಾಚೆ, ಅವರು ಮಲಗುವ ಹಾಲ್‌ನಿಂದ, ಗೊರಕೆಯೆಂದು ನಿನಗೆ ಕೇಳುತ್ತಿದ್ದದ್ದು ಆ ಫ್ಯಾನು. ಅದನ್ನು ಅವರು ಬೇಕೆಂದೇ ರಿಪೇರಿ ಮಾಡಲಿಲ್ಲ. ನಿನ್ನೆ ಭಾನುವಾರ ಬಿಚ್ಚಿ ಸರಿ ಮಾಡಿದರು, ಈಗ ಸದ್ದಿಲ್ಲ.

ನನ್ನ ಮುಂದಿನ ಭೇಟಿ ೧೯ನೇ ತಾರೀಕು ಗುರುವಾರ, ಬೆಳಗ್ಗೆ ಹತ್ತು ನಲವತ್ತಕ್ಕೆ, ಎರಡನೇ ಮಹಡಿ. ಅದರ ನಂತರದ ಹನ್ನೊಂದು ಹತ್ತರ ಹೊತ್ತನ್ನು, ಹೆಸರು ಬರೆಯದೆ, ಖಾಲಿ ಇಡಿಸಿದ್ದೇನೆ.